ಬಾಗಿಲಿನ ಹಿಂದಿನ ಮೂರು ತಗಡು

ಇದನ್ನು ಹೇಳಲು ಬಹಳ ತಡ ಮಾಡಿದೆ. ಗ್ಯಾರೇಜು ಬಿಟ್ಟ ಮೇಲೆ ಹೇಳುವ ಎಂದುಕೊಂಡೆ, ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಎರಡೂ ಆಗಿ ವರ್ಷಗಳಾದವು. ಕಳೆದ ಮಳೆಗಾಲ ಮುಗಿದ ಮೇಲೆ ನೆಲ್ಯಾಡಿಯಲ್ಲಿ ನಾಲ್ಕು ದಿನ ಒಂದು ಹಳೆಯ ಲಾರಿಯ ಹತ್ತಿರ ಕೆಲಸ ಮಾಡಿ ಬಂದೆ. ಅದರ ನಂತರ ನನ್ನಲ್ಲಿ ನೆಪಗಳು ಉಳಿದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನ ಗ್ಯಾರೇಜಿಗೆ ಸೇರಿದವನು. ಲಾರಿ ಬಾಡಿಯ ತಗಡು ಕೆಲಸ. ಆ ಕಾಲದ ಮೂತಿ ಉದ್ದದ ಲಾರಿಗಳಿಗೆ ಕ್ಯಾಬಿನ್ನಿನ ಒಳಗೆ ಮರದ ಚೌಕಟ್ಟು, ಅದರ ಮೇಲೆ ತಗಡು. ಆದ್ದರಿಂದ ನಮ್ಮ ಜೊತೆ ಮರದ ಕೆಲಸಕ್ಕೆ ಒಬ್ಬರು ಆಚಾರ್ರು ಇರಲೇಬೇಕು. ನನ್ನದೇ ಪ್ರಾಯದ ಒಬ್ಬರಿದ್ದರು, ಮಾತು ಕಡಿಮೆ, ಉಳಿಯನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು.

ನಮ್ಮ ಕೆಲಸದಲ್ಲಿ ಬಿಚ್ಚುವುದನ್ನೇ ಮೊದಲು ಕಲಿಸುತ್ತಾರೆ. ಬೋನೆಟ್ ಆಗಲಿ, ಮಡ್‌ಗಾರ್ಡ್ ಆಗಲಿ, ಬಾಗಿಲಾಗಲಿ, ಬಿಚ್ಚಿದ ಬೋಲ್ಟುಗಳನ್ನು ಒಂದು ಚಿಂದಿಯಲ್ಲಿ ಕಟ್ಟಿ ಅದೇ ಭಾಗಕ್ಕೆ ನೇತು ಹಾಕಬೇಕು. ಬಾಗಿಲು ತಿರುಗುವ ಬಿಜಾಗರಿಯ ಹಿಂದೆ ತೆಳು ತಗಡಿನ ತುಂಡುಗಳಿರುತ್ತವೆ. ನಾವು ಪ್ಯಾಕಿಂಗ್ ಎನ್ನುತ್ತೇವೆ. ಬಾಗಿಲು ನೇರ ನಿಲ್ಲುವುದು ಅವುಗಳಿಂದ. ಎಲ್ಲಿಂದ ತೆಗೆದೆವೋ ಅಲ್ಲಿಗೇ ಹೋಗಬೇಕು.

ನೆಲ್ಯಾಡಿಯ ರಬ್ಬರ್ ತೋಟದ ಮಲಯಾಳಿ ಯಜಮಾನರ, ನಾವೆಲ್ಲ ಚೇಟ ಎನ್ನುತ್ತಿದ್ದವರ, ಲಾರಿ ಬಂದಾಗ ಆಚಾರ್ರು ಎಡಬಾಗಿಲಿನ ಚೌಕಟ್ಟು ಪೂರ್ತಿ ಹೊಸತು ಮಾಡಿದರು. ಬೋಗಿ ಮರ, ಅವರ ಮನೆಯ ಅಟ್ಟದಲ್ಲಿ ಎರಡು ವರ್ಷ ಹೊಗೆ ತಿಂದು ಒಣಗಿದ್ದು. ಪ್ಯಾಕಿಂಗ್ ಸಮೇತ ಬಾಗಿಲು ಕೂರಿಸಿ, ಒಂದು ಬೆರಳಿನಿಂದ ಮುಚ್ಚಿ ತೋರಿಸಿಯೇ ಹೋದರು. ಬಣ್ಣ ಹೊಡೆಯಲೆಂದು ಅದನ್ನು ಮತ್ತೆ ಬಿಚ್ಚಿದವನು ನಾನು. ಅವಸರದಲ್ಲಿ ಚಿಂದಿ ಕಟ್ಟಲಿಲ್ಲ. ಎಲ್ಲ ಬೋಲ್ಟುಗಳನ್ನು ಒಂದೇ ಡಬ್ಬಿಯ ಚಿಮಿಣಿ ಎಣ್ಣೆಗೆ ಹಾಕಿದೆ. ಕೆಳಗಿನ ಬಿಜಾಗರಿಯ ಮೂರು ತಗಡುಗಳನ್ನು ಯಾವುದೋ ಕಸವೆಂದು ಎಸೆದೆ.

ಎಂಟು ದಿನ ಬಿಟ್ಟು ಜೋಡಿಸಿದರೆ ಬಾಗಿಲಿನ ಹಿಂದಿನ ಮೂಲೆ ಜೋತು ಬಿದ್ದು ಚೌಕಟ್ಟಿನ ಕೆಳಗಿನ ಮರಕ್ಕೆ ಬಡಿಯುತ್ತಿತ್ತು. ಚೇಟ ಎದುರಿಗೇ ನಿಂತಿದ್ದರು.

"ಎಂತ ಮೇಸ್ತ್ರಿ ಇದು? ದನದ ಕೊಟ್ಟಿಗೆಯ ಬಾಗಿಲು ಇದಕ್ಕಿಂತ ಚಂದ ಮುಚ್ತದೆ."

ಎಸೆದ ತಗಡುಗಳು ಆಗ ನೆನಪಾದವು. ಆದರೆ ನನ್ನ ಬಾಯಿಂದ ಹೊರಟದ್ದು ಇಷ್ಟು: "ಮರ ಹಸಿ ಇತ್ತೋ ಏನೋ ಚೇಟಾ. ಬಿಸಿಲಿಗೆ ಬಾಗಿದೆ."

ಚೇಟ ಒಳಗೆ ಹೋಗಿ ಆಚಾರ್ರನ್ನು ಎಲ್ಲರ ಎದುರು ಬೈದರು. ಆಚಾರ್ರು ಬಂದು ನೋಡುವಷ್ಟರಲ್ಲಿ ನಾನು ಉಳಿ ಹಿಡಿದು ಆ ಕೆಳಗಿನ ಮರವನ್ನು ಕೆತ್ತಿಯಾಗಿತ್ತು. ಮೇಲೆ ತಗಡು ಬಡಿದೂ ಆಗಿತ್ತು. ಬಾಗಿಲು ಹೇಗೋ ಮುಚ್ಚಿತು. "ನೀನು ಇದ್ದದ್ದಕ್ಕೆ ಆಯ್ತು" ಎಂದು ಚೇಟ ನನ್ನ ಬೆನ್ನು ತಟ್ಟಿದರು.

ಮರ ಹಸಿ ಎಂಬ ಮಾತು ಗ್ಯಾರೇಜಿನಲ್ಲಿ ನಿಲ್ಲಲಿಲ್ಲ. ಕಡಬದಿಂದ ಪಂಜದವರೆಗೆ ಆಚಾರ್ರಿಗೆ 'ಹಸಿಮರ' ಎಂದೇ ಹೆಸರಾಯಿತು. ಮನೆಯ ಕಿಟಕಿ ಮಾಡಲು ಹೋದರೂ "ಒಣಗಿದ್ದಾ ಆಚಾರ್ರೆ? ಹಿಂಡಿದರೆ ನೀರು ಬರ್ಲಿಕ್ಕಿಲ್ಲವಲ್ಲಾ?" ಎಂದು ಜನ ನಗುತ್ತಿದ್ದರಂತೆ. ಬಡಗಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವರು ಗ್ಯಾರೇಜಿಗೆ ಬರುವುದು ನಿಂತಿತು. ಕೆಲವು ವರ್ಷ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದರೆಂದು ಕೇಳಿದೆ. ಒಂದು ಸಲ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗ ನಾನು ಬೇಡದ ಬಸ್ಸು ಹತ್ತಿ ತಪ್ಪಿಸಿಕೊಂಡೆ.

ಕಳೆದ ವರ್ಷ ಚೇಟನ ಮಗ ಫೋನು ಮಾಡಿದ. ಅಪ್ಪ ತೀರಿಕೊಂಡಿದ್ದಾರೆ, ಲಾರಿ ಶೆಡ್ಡಿನಲ್ಲೇ ಉಂಟು, ಅದನ್ನು ಮೊದಲಿನಂತೆ ಮಾಡಬೇಕು, ಇಂಥ ಬಾಡಿ ಬಿಚ್ಚಿ ಗೊತ್ತಿರುವವರು ಈಗ ನೀವೊಬ್ಬರೇ ಎಂದ. ಹೋದೆ. ಬೋನೆಟ್, ಮಡ್‌ಗಾರ್ಡುಗಳನ್ನು ತೆಗೆದು ಒಂದೊಂದಕ್ಕೂ ಚಿಂದಿ ಕಟ್ಟಿದೆ. ಎರಡನೆಯ ದಿನ ಮರದ ಕೆಲಸಕ್ಕೆಂದು ಕಡಬದ ಪೀಠೋಪಕರಣದ ಅಂಗಡಿಯವರು ಒಬ್ಬರನ್ನು ಕಳಿಸಿದರು. ಬಟ್ಟೆಯಲ್ಲಿ ಸುತ್ತಿದ ಉಳಿ ನೋಡಿಯೇ ಅದೇ ಆಚಾರ್ರು ಎಂದು ತಿಳಿಯಿತು.

"ಆರಾಮವಾ ಮೇಸ್ತ್ರಿಗಳೆ?" ಎಂದರು, ನಿನ್ನೆ ಬಿಟ್ಟು ಹೋದವರ ಹಾಗೆ.

ಎಡಬಾಗಿಲಿನ ಕೆಳಗಿನ ತಗಡನ್ನು ನಾನೇ ಎಬ್ಬಿಸಬೇಕಾಯಿತು. ಕೆಲಸ ನನ್ನದು. ಅವರು ಪಕ್ಕದಲ್ಲೇ ಕುಳಿತಿದ್ದರು. ತಗಡು ಬಂತು. ಬೋಗಿ ಮರ ಇಷ್ಟು ವರ್ಷ ಕಳೆದೂ ನೇರ ಇತ್ತು, ಅವರ ಪೆನ್ಸಿಲ್ ಗೆರೆ ಕೂಡ ಮಾಸಿರಲಿಲ್ಲ. ಆ ಗೆರೆಯ ಮೇಲೆಯೇ ನಾಯಿ ಕಚ್ಚಿದ ಹಾಗೆ ನನ್ನ ಕೆತ್ತನೆ.

ಅವರು ಮಟ್ಟಗೋಲು ಇಟ್ಟು ನೋಡಿದರು. ಆಮೇಲೆ ಆ ಗುಂಡಿಯ ಮೇಲೆ ಹೆಬ್ಬೆರಳು ಆಡಿಸಿದರು, ತುಂಬಾ ಹೊತ್ತು.

"ಇದು ನನ್ನ ಉಳಿ ಅಲ್ಲ," ಎಂದರು. ಸ್ವಲ್ಪ ಬಿಟ್ಟು, "ಮರಕ್ಕೆ ಎಂತದೂ ಆಗ್ಲಿಲ್ಲ ನೋಡಿ."

ಅಷ್ಟು ಹೇಳಿ ಕಾದರು. ಕಾದರು ಎಂದು ನನಗೆ ಗೊತ್ತು. ಶೆಡ್ಡಿನಲ್ಲಿ ನಾವಿಬ್ಬರೇ.

"ಚಾ ಕುಡಿಯುವನಾ?" ಎಂದೆ.

"ಕುಡಿಯುವ," ಎಂದರು.

ಮರುದಿನ ಅವರು ಆ ಗುಂಡಿಗೆ ಸರಿಯಾಗಿ ಒಂದು ತುಂಡು ಮರ ಕೂರಿಸಿದರು. ನಾನು ಮೂರು ತಗಡು ಕತ್ತರಿಸಿ ಕೆಳಗಿನ ಬಿಜಾಗರಿಯ ಹಿಂದೆ ಇಟ್ಟೆ. ಮೂರೇ ಏಕೆ ಎಂದು ಅವರು ಕೇಳಲಿಲ್ಲ. ಬಾಗಿಲನ್ನು ಇಬ್ಬರೂ ಸೇರಿ ಎತ್ತಿ ಹಿಡಿದು ಬೋಲ್ಟು ಬಿಗಿದೆವು. ಬೆರಳು ತಾಗಿಸಿದರೆ ಸಾಕು, ಮುಚ್ಚಿತು.

ನಾಲ್ಕನೆಯ ದಿನ ಚೇಟನ ಮಗ ಬಂದು ಹತ್ತು ಸಲ ತೆಗೆದು ಹಾಕಿ ನೋಡಿದ. "ಈ ಬಾಗಿಲು ಹೀಗೆ ಮುಚ್ಚಿದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ ಮಾರಾಯ್ರೆ! ಆಗ ಒಬ್ಬ ಆಚಾರಿ ಹಸಿಮರ ಹಾಕಿ ಹಾಳು ಮಾಡಿದ್ದಂತೆ. ಅಪ್ಪ ಸಾಯುವವರೆಗೂ ಅವನನ್ನು ಬಯ್ತಿದ್ದರು."

ಆ ಆಚಾರಿ ಎದುರಿಗೇ ಇದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಆಚಾರ್ರು ತಲೆ ಎತ್ತಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬಯ್ಯುವ ನೋಟವೂ ಅಲ್ಲ. ಒಂದು ವಾಕ್ಯ ಸಾಕಿತ್ತು. ನಾನು ಬಗ್ಗಿ, ಬೀಳದೇ ಇದ್ದ ಬೋಲ್ಟನ್ನು ನೆಲದಲ್ಲಿ ಹುಡುಕತೊಡಗಿದೆ. ಎದ್ದು ನಿಲ್ಲುವಾಗ ಅವರು ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಬರ್ತೇನೆ ಮೇಸ್ತ್ರಿಗಳೆ" ಎಂದು ನಡೆದುಬಿಟ್ಟರು.

ಆ ಮನೆಯಲ್ಲಿ ಆ ಮಾತು ಇನ್ನೂ ಹಾಗೆಯೇ ಉಂಟು. ಚೇಟನ ಮಗನಿಗೆ ಫೋನು ಮಾಡಲು ಎರಡು ಸಲ ನಂಬರು ಒತ್ತಿ ನಿಲ್ಲಿಸಿದೆ. ಕೊನೆಗೆ ಬರೆಯಲು ಕುಳಿತೆ. ಮರ ಒಣಗಿತ್ತು. ತಪ್ಪು ನನ್ನದು. ಇಲ್ಲಿ ಅವರ ಹೆಸರನ್ನೂ ಬರೆಯಬೇಕಿತ್ತು. ಬರೆದು ಹೊಡೆದು ಹಾಕಿದೆ. ಆ ಹೆಸರು ಓದಿದ ಕೂಡಲೇ "ಓ, ಹಸಿಮರ!" ಎನ್ನುವ ಮುದುಕರು ಕಡಬದಲ್ಲಿ ಇನ್ನೂ ನಾಲ್ಕೈದು ಜನ ಇದ್ದಾರೆ.