ಹೆಣದ ಮುಂದಿನ ಪದ

ನಮ್ಮ ಕಡೆ ಅವನನ್ನು ಕವಿ ಎಂದು ಯಾರೂ ಕರೆಯುವುದಿಲ್ಲ. ಅಜ್ಜ ಎನ್ನುತ್ತೇವೆ. ಸುಣ್ಣ ಸುಡುವ ಕಾಯಕದವನು, ಭಟ್ಟಿಯ ಮುಂದೆ ಕೂತು ಪದ ಕಟ್ಟಿದವನು, ಸುಟ್ಟು ಸುಟ್ಟು ಅಂಗೈ ಕರಕಲಾಗಿದ್ದವನು. ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಯಾವ ಕಾಲದವನು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವನ ಪದಗಳನ್ನು ನನ್ನ ಊರಾದ ಪಾಮನಕಲ್ಲೂರಿನ ಭಜನಾ ಮೇಳ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದೆ. ಆ ಮೇಳದ ಮುಂದಾಳು ನನ್ನ ಅಣ್ಣ.

ಈ ಅಜ್ಜನ ಮೇಲೆ ಒಂದು ಐತಿಹಾಸಿಕ ಸಿನಿಮಾ ಬಂತು. ಅದನ್ನು ನೆನೆದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಏಕೆಂದು ಕ್ರಮವಾಗಿ ಹೇಳುತ್ತೇನೆ. ಮಠದ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ನನ್ನ ತಟ್ಟೆ ನಾನೇ ತೊಳೆದು ಬೆಳೆದವನು ನಾನು. ಖಜಾನೆ ಕಚೇರಿಯ ನೌಕರಿ ಮುಗಿಸಿ ಲಿಂಗಸೂಗೂರಿನಲ್ಲಿ ನೆಲೆಸಿದ ಮೇಲೂ ಅದೇ ರೂಢಿ. ಹಿಂದುಮುಂದಾಗಿ ಹೇಳುವುದು ನನಗೆ ಬಾರದು.

ಅಜ್ಜನ ಪದಗಳಲ್ಲಿ ಒಂದನ್ನು ಮಾತ್ರ ಸಾವಿನ ಮನೆಯಲ್ಲಿ ಹಾಡುತ್ತಾರೆ. ತೀರಿಕೊಂಡವರಿಗೆ ವಿಭೂತಿ ಹಚ್ಚಿ, ಹೆಣ ಹೊರಲು ಬಿದಿರಿನಿಂದ ಕಟ್ಟಿದ ವಿಮಾನದಲ್ಲಿ ಕೂಡಿಸಿ, ಹೊಸ್ತಿಲಿಂದ ಎತ್ತುವಾಗ. ಬೇರೆ ಹೊತ್ತಿನಲ್ಲಿ ಅದನ್ನು ಗುನುಗುವಂತೆಯೂ ಇಲ್ಲ. ಕಲಿಯುವವರೂ ಸಾವಿನ ಮನೆಯಲ್ಲಿ ನಿಂತೇ ಕಲಿಯಬೇಕು. ಒಂದು ಸಾಲು ಮುಗಿದ ಮೇಲೆ ಹಾಡುವವರು ಸುಮ್ಮನಾಗುತ್ತಾರೆ. ಹೊತ್ತವರು ಒಂದು ಹೆಜ್ಜೆ ಇಡುತ್ತಾರೆ. ಆ ಸುಮ್ಮನಿರುವ ಹೊತ್ತಿನಲ್ಲಿ ಅಳುವವರು ಕೂಡ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಆಮೇಲೆ ಮುಂದಿನ ಸಾಲು.

ಅತ್ತಿಗೆಗೆ ಹೃದಯದ ಕಾಯಿಲೆ. ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ನಾನು ಭಾನುವಾರ ಊರಿಗೆ ಹೋದಾಗಲೆಲ್ಲ ಅಣ್ಣನಿಗೆ ಅದೇ ಮಾತು ನೆನಪಿಸುತ್ತಿದ್ದಳು.

"ನನ್ನ ಎತ್ತೋ ಮುಂದ ಆ ಪದ ನೀವ ಹಾಡಬೇಕ್ರಿ. ಬ್ಯಾರೆ ಯಾರನರ ಕರದು ನಿಲ್ಲಿಸಬ್ಯಾಡ್ರಿ."

"ಮೊದಲ ನಾ ಹೋದ್ರ?"

"ಆಗ ನಾ ಹಾಡ್ತೀನಿ. ನಿಮಗಿಂತ ಚಲೋ ಹಾಡ್ತೀನಿ."

ಅಣ್ಣ ನಕ್ಕು ಆಗಲಿ ಎಂದಿದ್ದ.

ಅಂಥ ದಿನಗಳಲ್ಲೇ ಸಿನಿಮಾದವರು ಮಸ್ಕಿಯ ಗುಡ್ಡದ ಕೆಳಗೆ ಬಂದು ಇಳಿದರು. ಮೇಳವನ್ನು ಕರೆಸಿದರು. ಅಣ್ಣನ ಜೊತೆ ನಾನೂ ಹೋದೆ. ನಿರ್ದೇಶಕ ವಿನಯದ ಹುಡುಗ, ಕೊರಳಲ್ಲಿ ರುದ್ರಾಕ್ಷಿ. ಬೇರೆ ಪದಗಳನ್ನೆಲ್ಲ ಕೇಳಿದ ಮೇಲೆ ಈ ಪದವನ್ನು ಕೇಳಿದ.

"ಹೆಣ ಇಲ್ಲದ ಅದನ್ನ ಹಾಡಂಗಿಲ್ರಿ" ಎಂದ ಅಣ್ಣ.

"ಹೆಣ ನಾವು ಕೂರಿಸ್ತೀವಿ ಸರ್" ಎಂದ ಆ ಹುಡುಗ. "ಅಜ್ಜ ಲಿಂಗೈಕ್ಯರಾದ ದೃಶ್ಯ. ಅವರ ಜನ ಅವರ ಪದಾನೇ ಹಾಡ್ತಾ ಅವರನ್ನ ಎತ್ತುತ್ತಾರೆ. ನೀವು ಹೇಗೆ ಹಾಡ್ತೀರೋ ಹಾಗೇ."

ಮಾತಿನಂತೆ ಒಬ್ಬ ನಟನನ್ನು ತಂದು, ವಿಭೂತಿ ಬಳಿದು, ಹೂವು ಮುಡಿಸಿ ವಿಮಾನದಲ್ಲಿ ಕೂಡಿಸಿಯೇಬಿಟ್ಟರು. ಮೇಳದವರು ಬದಿಗೆ ಸರಿದು ಚರ್ಚೆಗೆ ಕೂತರು. ದಮ್ಮಡಿ ಬಾರಿಸುವವನು ಹೇಳಿದ, "ಕುಂತೈತಿ, ಕಣ್ಣು ಮುಚ್ಚೈತಿ, ವಿಭೂತಿ ಐತಿ. ಇನ್ನೇನ ಬೇಕು?"

"ಉಸಿರಾಡಾಕತ್ತಾನಲ್ಲೋ" ಎಂದೆ ನಾನು.

"ಉಸಿರು ಅವಂದು ರೀ, ಪದ ನಮ್ದು."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಅಜ್ಜನನ್ನು ಎತ್ತಿದಾಗ ಯಾರು ಹಾಡಿದರೋ ಗೊತ್ತಿಲ್ಲ, ಈಗ ನಾವು ಹಾಡೋಣ ಎಂದ. ಅವನ ಮನಸ್ಸಿಗೆ ಅದು ಸೇವೆಯಾಗಿ ತೋರಿತ್ತು. ಕಟ್ಟಳೆಯಲ್ಲಿ ಹೆಣ ಕೂಡಿಸಬೇಕು ಎಂದಿತ್ತು, ಕೂಡಿಸಿದ್ದರು. ಹಾಡಿದರು. ಅಣ್ಣನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಡು ಮುಗಿಯುವುದಕ್ಕೂ ಹೆಣ ಕಣ್ಣು ಬಿಟ್ಟು ಮೂಗು ಕೆರೆದುಕೊಂಡು "ಒಂದು ಟೀ ಕೊಡ್ರಪ್ಪಾ" ಎನ್ನುವುದಕ್ಕೂ ಸರಿಹೋಯಿತು. ಅಣ್ಣ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದ. ನನಗೆ ಹೇಸಿಗೆ ಹುಟ್ಟಿದ್ದು ಅಲ್ಲಿಂದ.

ಸಿನಿಮಾ ಬಿಡುಗಡೆಯಾದಾಗ ಮೇಳದವರನ್ನೆಲ್ಲ ಸಿಂಧನೂರಿಗೆ ಕರೆದರು. ಥಿಯೇಟರಿನ ಮುಂದೆ ನಾಯಕ ನಟನ ಎತ್ತರದ ಕಟೌಟು. ಅದರ ಮೇಲೆ ಪ್ಯಾಕೆಟ್ಟು ಪ್ಯಾಕೆಟ್ಟು ಹಾಲು ಸುರಿಯುತ್ತಿದ್ದರು. ಆ ಹಾಲು ಕೆಳಗೆ ಹರಿದು ಗುಟ್ಕಾ ಉಗುಳಿನ ಜೊತೆ ಸೇರಿ ಕೆಂಪು ಕೆಸರಾಗಿ ಚಪ್ಪಲಿಗೆ ಮೆತ್ತುತ್ತಿತ್ತು. ಹುಳಿ ವಾಸನೆ. ನಾನು ಪಂಚೆ ಎತ್ತಿ ಹಿಡಿದು ದಾಟಿದೆ. ಒಳಗೆ ಕುರ್ಚಿಯ ಕೈಗೆ ಯಾರೋ ಸುಣ್ಣ ಒರೆಸಿದ್ದರು. ಅಜ್ಜನ ಕಾಯಕ ಆ ಇಡೀ ಕಟ್ಟಡದಲ್ಲಿ ಕಂಡದ್ದು ಅಲ್ಲೊಂದೇ ಕಡೆ.

ಏಕೆಂದರೆ ಪರದೆಯ ಮೇಲಿನ ಅಜ್ಜ ಒಂದು ಸಲವೂ ಸುಣ್ಣ ಮುಟ್ಟಲಿಲ್ಲ. ಎಣ್ಣೆ ಹಚ್ಚಿದ ಎದೆ ತೋರಿಸಿ ಕತ್ತಿ ತಿರುಗಿಸಿದ. ಆಶೀರ್ವಾದಕ್ಕೆ ಎತ್ತಿದ ಅಂಗೈ ಹಸುಗೂಸಿನ ಅಂಗೈಯ ಹಾಗೆ ನುಣುಪಾಗಿತ್ತು. ಕೊನೆಯಲ್ಲಿ ಅವನು ಸಾಯಲೂ ಇಲ್ಲ, ಬೆಳಕಾಗಿ ಮೇಲಕ್ಕೆ ಹಾರಿಹೋದ. ಹಾಗಾಗಿ ಅವನನ್ನು ಎತ್ತುವ ದೃಶ್ಯವೇ ಇರಲಿಲ್ಲ.

ಪದ ಮಾತ್ರ ಇತ್ತು. ರಾಜನ ಸಭೆಯಲ್ಲಿ, ಕುಣಿಯುವ ಹೆಣ್ಣುಮಕ್ಕಳ ನಡುವೆ. ಅದೇ ಸಾಲು, ಅದೇ ಧಾಟಿ, ಓಟ ಮಾತ್ರ ನಾಲ್ಕು ಪಟ್ಟು. ಸುಮ್ಮನಿರಬೇಕಾದ ಜಾಗದಲ್ಲೆಲ್ಲ ಎರಡು ಚಪ್ಪಾಳೆ, ಒಂದು "ಹೇಯ್". ಥಿಯೇಟರಿಗೆ ಥಿಯೇಟರೇ ಎದ್ದು ಚಪ್ಪಾಳೆ ಹೊಡೆಯಿತು. ಕಾಗದದ ಚೂರುಗಳು ಅಣ್ಣನ ತಲೆಯ ಮೇಲೆ ಬಿದ್ದವು. ಅವನು ಕೊಡವಿಕೊಳ್ಳಲಿಲ್ಲ. ದಮ್ಮಡಿಯವನ ಕಾಲು ಕುರ್ಚಿಯ ಕೆಳಗೆ ತಾಳ ಹಾಕುತ್ತಿತ್ತು. ನಾನು ನೋಡಿದ್ದು ಕಂಡು ನಿಲ್ಲಿಸಿದ.

ಮನೆಗೆ ಬಂದ ಕೂಡಲೇ ಅತ್ತಿಗೆ ಕೇಳಿದಳು, "ಪದ ಹೆಂಗ ಬಂದೈತ್ರಿ?"

"ಚಲೋ ಬಂದೈತಿ" ಎಂದ ಅಣ್ಣ, ಅಂಗಿ ತೆಗೆಯುತ್ತ ಗೋಡೆಯ ಕಡೆ ತಿರುಗಿ.

ಆ ಸುಳ್ಳು ಬಹಳ ದಿನ ಬಾಳಲಿಲ್ಲ. ಎದುರು ಮನೆಯಲ್ಲಿ ಮದುವೆ ಬಂತು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಡಿಜೆ ಹಚ್ಚಿದರು. ಮದುಮಗ ಕುದುರೆ ಇಳಿಯುವಾಗ ಅದೇ ಪದ. ಅತ್ತಿಗೆಯ ಮಂಚದ ಪಕ್ಕದ ನೀರಿನ ಲೋಟ ಗಡಗಡ ನಡುಗುತ್ತಿತ್ತು. ಅವಳು ತಲೆ ಎತ್ತಿ ಆಲಿಸಿದಳು.

"ಮದುವ್ಯಾಗ ಯಾರು ಸತ್ರು?"

ಹೊರಗೆ ಚಪ್ಪಾಳೆ ಬಿತ್ತು. ಆಗ ಅಣ್ಣ ಮಂಚದ ತುದಿಗೆ ಕೂತು ಎಲ್ಲವನ್ನೂ ಹೇಳಿದ. ಅತ್ತಿಗೆ ಪೂರ್ತಿ ಕೇಳಿಸಿಕೊಂಡಳು.

"ಅವರು ಹೆಂಗರ ಕುಣೀಲಿ" ಎಂದಳು. "ನೀವು ನನಗ ಮಾತು ಕೊಟ್ಟೀರಿ. ನನ್ನ ಮುಂದ ನೀವು ಹಾಡ್ರಿ, ಅಷ್ಟ ಸಾಕು."

ಜೋಳದ ರಾಶಿಯ ಹೊತ್ತಿಗೆ ಅವಳು ಹೋದಳು. ತವರು ವಳಕಮದಿನ್ನಿಯಿಂದ ಬಂಧುಗಳು ಬಂದರು, ಸಿಂಧನೂರಿನ ಬೀಗರು ಬಂದರು, ಊರಿನವರು ಅಂಗಳ ತುಂಬಿದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ವಿಮಾನದಲ್ಲಿ ಕೂಡಿಸಿದೆವು. ವಾಲದಂತೆ ಅವಳ ಭುಜ ಹಿಡಿದು ನಿಂತವನು ನಾನು. ಅಣ್ಣ ಎದುರಿಗೆ ಬಂದು ನಿಂತ. ತಾಳ ತಟ್ಟಿ ಮೊದಲ ಸಾಲು ಹಾಡಿದ. ಸುಮ್ಮನಾದ.

ಚಪ್ಪಾಳೆ ಬಿತ್ತು.

ಅಣಕಿಸಬೇಕೆಂದು ಯಾರೂ ಹೊಡೆದದ್ದಲ್ಲ, ಅದನ್ನು ಒಪ್ಪುತ್ತೇನೆ. ಕೈಗಳು ತಾವಾಗಿ ಹೊಡೆದವು. ಹೊಡೆದ ಮೇಲೆ ಕೆಲವರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಒಬ್ಬಿಬ್ಬರು ನಾಲಿಗೆ ಕಚ್ಚಿಕೊಂಡರು. ಸೆರಗಿನ ಮರೆಯಲ್ಲಿ ಯಾರೋ ನಕ್ಕದ್ದೂ ಕೇಳಿಸಿತು. ಅಣ್ಣ ಮತ್ತೆ ಮೊದಲಿಂದ ಶುರು ಮಾಡಿದ. ಈ ಸಲ ಚಪ್ಪಾಳೆ ಕಡಿಮೆ, ಆದರೆ ದಮ್ಮಡಿಯವನ ಬೆರಳು ಸಿನಿಮಾದ ಓಟಕ್ಕೆ ಬಿದ್ದುಬಿಟ್ಟಿತು. ಅಂಗಳದ ಮೂಲೆಯಿಂದ ಒಬ್ಬ ಮೀಸೆ ಬೆಳ್ಳಗಾದ ಗೃಹಸ್ಥ, ಮೆಲ್ಲಗೇ, "ಹೇಯ್" ಎಂದ.

ನಾನು ಹಿಡಿದ ಭುಜ ತಣ್ಣಗಿತ್ತು, ಎದುರಿಗೆ ಸಾಲಾಗಿ ಪರಿಚಯದ ಮುಖಗಳು. ಆ ಮುಖಗಳ ಮೇಲೆ ನನಗೆ ಹುಟ್ಟಿದ ಅಸಹ್ಯ ಇಂದಿಗೂ ಹೋಗಿಲ್ಲ. ಅವರಿಗೆ ನಮಸ್ಕಾರ ಮಾಡುವಾಗ ಕೈಗಳ ಕಡೆ ನೋಡದಂತೆ ಎಚ್ಚರ ವಹಿಸುತ್ತೇನೆ.

ಅಣ್ಣ ಹಾಡು ನಿಲ್ಲಿಸಿದ. ತಾಳವನ್ನು ನೆಲಕ್ಕಿಟ್ಟ. ದಮ್ಮಡಿಯವನು "ಅಣ್ಣಾ, ತಪ್ಪಾತು" ಎಂದದ್ದಕ್ಕೆ ತಿರುಗಿ ನೋಡಲಿಲ್ಲ. ವಿಮಾನದ ಹತ್ತಿರ ಬಂದು, ನನ್ನನ್ನು ಸ್ವಲ್ಪ ಸರಿಸಿ, ಅತ್ತಿಗೆಯ ಕಿವಿಗೆ ಬಾಯಿ ಹಚ್ಚಿ ಹಾಡತೊಡಗಿದ. ಭುಜ ಹಿಡಿದವನಾದ ನನಗೂ ಪದ ಕೇಳಿಸಲಿಲ್ಲ, ಉಸಿರಷ್ಟೇ. ಸಾಲು ಮುಗಿದಾಗ ಅವನ ತುಟಿ ನಿಲ್ಲುತ್ತಿತ್ತು. ಹೆಜ್ಜೆ ಯಾವಾಗ ಇಡಬೇಕೆಂದು ತಿಳಿಯದೆ ಹೊರುವವರು ಎತ್ತದೆ ನಿಂತರು. ಏನು ನಡೆದಿದೆಯೆಂದು ಅಂಗಳದವರಿಗೆ ಗೊತ್ತಾಗಲಿಲ್ಲ. ಗೊತ್ತಾಗದ್ದರಿಂದ ಚಪ್ಪಾಳೆ ಎಲ್ಲಿ ಹೊಡೆಯಬೇಕೆಂದೂ ತಿಳಿಯಲಿಲ್ಲ.

ಸಿಂಧನೂರಿನ ಬೀಗರೊಬ್ಬರು ನನ್ನ ಹಿಂದೆ ಬಂದು ಪಿಸುಗುಟ್ಟಿದರು. "ಸ್ವಲ್ಪ ಜೋರಾಗಿ ಹಾಡಾಕ ಹೇಳ್ರಿ. ನಾವೂ ಕೇಳಿದಂಗ ಆಕ್ಕತಿ."

ನಾನು ಕೇಳದವನಂತೆ ನಿಂತೆ. ಅಣ್ಣ ಪದ ಮುಗಿಸಿ, ಅವಳ ಹಣೆಯ ವಿಭೂತಿ ಸರಿಮಾಡಿ, ಎತ್ತಿರಿ ಎಂದು ಕೈಯಲ್ಲೇ ತೋರಿಸಿದ.