ಅತ್ತೆ ಉಜ್ಜಿದ ಪಿಜ್ಜಾ ಕಲ್ಲು

ಇವತ್ತು ಬೆಳಿಗ್ಗೆ ಓವನ್ನು ಕಾಯಿಸುವಾಗ ಅಡುಗೆಮನೆಯಲ್ಲಿ ನಿಂಬೆ ಸೋಪಿನ ವಾಸನೆ ಸಣ್ಣಗೆ ಎದ್ದಿತು. ಬೇರೆಯವರಿಗೆ ಗೊತ್ತಾಗದಷ್ಟು ಸಣ್ಣಗೆ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಪಾಂಡವಪುರದ ನಮ್ಮ ಮನೆಗೆ ಪಿಜ್ಜಾ ಕಲ್ಲು ತರಿಸಿದವಳು ಮಗಳು ರಮ್ಯ. ಚಪಾತಿ ಮಣೆಯಂತೆ ದುಂಡಗೆ, ಅದಕ್ಕಿಂತ ಅಗಲ. ಓವನ್ನಿನೊಳಗೆ ಅದನ್ನು ಕಾಯಿಸಿ ಮೇಲೆ ಪಿಜ್ಜಾ ಇಟ್ಟರೆ ತಳ ಗರಿಗರಿ. ಆದರೆ ನಾಲ್ಕಾರು ಸಲ ಬೇಯಿಸುವಷ್ಟರಲ್ಲಿ ಚೀಸು, ಟೊಮೆಟೊ ಇಳಿದು ಅದರ ಮೈತುಂಬ ಕರಿ ಮಚ್ಚೆ. "ಕೆರೆದು ಒರೆಸಿದ್ರೆ ಸಾಕಮ್ಮ, ಕಲೆ ಇದ್ದರೆ ಇರ್ಲಿ," ಅಂದಿದ್ದಳು ರಮ್ಯ.

ಕಲೆ ಇದ್ದರೆ ಇರಲಿ! ನೀವು ನಮ್ಮ ಕಡೆಯವರಾದರೆ ನನ್ನ ಕಷ್ಟ ಅರ್ಥವಾದೀತು. ಇಲ್ಲಿ ಬೀಗರು ಬರುತ್ತಾರೆಂದರೆ ಮೊದಲು ಅಟ್ಟದ ಮೇಲಿನ ಹಿತ್ತಾಳೆ ಕೆಳಗಿಳಿಯುತ್ತದೆ. ಬೀಗತಿಯಾದವಳು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ಪಾತ್ರೆಗಳ ತಳ ನೋಡಿಯೇ ಹೋಗುತ್ತಾಳೆ. ನಾನೂ ನೋಡಿದ್ದೇನೆ, ಸುಳ್ಳು ಯಾಕೆ? ಹಾಗಾಗಿ ಯಾರೇ ಬಂದರೂ ಆ ಕಲ್ಲು ರಾಗಿ ಡಬ್ಬದ ಹಿಂದೆ ಹೋಗುತ್ತಿತ್ತು.

ರಮ್ಯಳ ಮದುವೆ ಗೊತ್ತಾಗಿ, ನಾಗಮಂಗಲದ ಬೀಗರು ಮೊದಲ ಸಲ ಊಟಕ್ಕೆ ಬರುವ ದಿನ ಬಂತು. ಅಕ್ಕಿಹೆಬ್ಬಾಳಿನಿಂದ ನಮ್ಮತ್ತೆ ಹಿಂದಿನ ದಿನವೇ ಬಂದಿದ್ದರು. ಅತ್ತೆ ಬೆಳಗಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ನಂಟರ ಯಾವ ಮದುವೆಯಾದರೂ ಪಾತ್ರೆ ಬೆಳಗಲು ಅವರಿಗೇ ಮೊದಲ ಕರೆ. ಅದೇ ಅವರ ಹೆಮ್ಮೆ, ಅದೇ ಅವರ ಸ್ಥಾನ.

ನಾನು ಮೊಸರು ತಂದು ಒಳಗೆ ಬಂದರೆ ಪಿಜ್ಜಾ ಕಲ್ಲು ಹಿತ್ತಲಿನ ಬಿಸಿಲಲ್ಲಿ ಗೋಡೆಗೆ ಒರಗಿತ್ತು, ತಂದ ದಿನದಷ್ಟು ಬೆಳ್ಳಗೆ.

"ಏನವ್ವ ಇದು, ಬೀಗ್ರು ಕಂಡ್ರೆ ಉಗಿಯಕಿಲ್ವ? ಅರ್ಧ ಸೋಪು ಕುಡೀತು ಮುಂಡೇದು," ಅಂದರು ಅತ್ತೆ.

"ನಿಮ್ಮ ಕೈಗೆ ನಮಸ್ಕಾರ ಅತ್ತೆ," ಅಂದೆ. ರಮ್ಯ ಸೀರೆ ಉಡುವ ಗಡಿಬಿಡಿಯಲ್ಲಿದ್ದಳು. ಕಲ್ಲನ್ನು ಓವನ್ನಿಗೆ ಇಟ್ಟವಳು ನಾನೇ.

ಮುದ್ದೆ, ಬಾಡಿನೆಸರಿನ ಜೊತೆಗೆ ಭಾವೀ ಅಳಿಯನಿಗೆಂದು ಮಾಡಿದ ಪಿಜ್ಜಾ ಎಲ್ಲರಿಗೂ ಒಂದೊಂದು ತುಂಡು ಹೋಯಿತು. ಬೀಗತಿ ಕಚ್ಚಿದರು, ನಿಧಾನಕ್ಕೆ ಅಗಿದರು.

"ಏನೋ ನಿಂಬೆಹಣ್ಣಿನ ಗಮಲು ಅದೆ ಕಣವ್ವ. ಚೆಂದಾಗದೆ."

ಅತ್ತೆ ಅಗಿಯುವುದು ನಿಲ್ಲಿಸಿದರು. ನಾನು ತಲೆ ತಗ್ಗಿಸಿದೆ. "ನಿಂಬೆಹಣ್ಣಲ್ಲ ಕಣವ್ವ, ಸೋಪು," ಅಂದರು ಅತ್ತೆ. "ಮೊಮ್ಮಗಳ್ದೂ ತೆಪ್ಪಿಲ್ಲ, ಸೊಸೇದೂ ಇಲ್ಲ. ನಾನೇ ಉಜ್ಜಿದ್ದು."

"ಅಯ್ ಬುಡವ್ವ, ವಟ್ಟೆ ಒಳ್ಗೂ ಬೆಳಗ್ದಂಗಾಯ್ತು," ಅಂದರು ಬೀಗರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಕಲ್ಲಿನ ಮೈಯೆಲ್ಲ ಕಾಣದ ತೂತು, ಸೋಪು ಒಳಗಿಳಿದರೆ ಬೇಗ ಬಿಡದು ಎಂದು ರಮ್ಯ ಆಮೇಲೆ ಹೇಳಿದಳು. ಬರೀ ಕಲ್ಲನ್ನೇ ಎಷ್ಟೋ ಸಲ ಕಾಯಿಸಿದೆವು. ವಾಸನೆ ಇಳಿಯುತ್ತಾ ಬಂತು. ಅತ್ತೆ ಮಾತ್ರ ನಮ್ಮ ಮನೆಯ ಸಿಂಕಿನ ಹತ್ತಿರ ಮತ್ತೆ ಸುಳಿಯಲಿಲ್ಲ. ಮೈದುನನ ಮನೆಯ ಗೃಹಪ್ರವೇಶದಲ್ಲಿ ಪಾತ್ರೆಗೆ ಕರೆದರೆ, "ಒಸ ಪಾತ್ರೆಯೆಲ್ಲ ನಂಗೆ ಗೊತ್ತಾಗಕಿಲ್ಲ ಕಣವ್ವ," ಎಂದು ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಾ ಕುಳಿತರು. ಅದನ್ನು ನೋಡಲಾಗದೆ ನಾನು ಹೊರಗೆ ಹೋಗಿ ನಿಂತಿದ್ದೆ.

ಇವತ್ತು ಅತ್ತೆ ಇಲ್ಲೇ ಇದ್ದಾರೆ. ಪಿಜ್ಜಾ ಬೇಯಿಸಿ, ಕಲ್ಲು ಪೂರಾ ಆರಿದ ಮೇಲೆ ಅದನ್ನು ಅವರ ಮುಂದಿಟ್ಟು, ಕೆರೆಯಲೆಂದು ದೋಸೆ ಮಗುಚುವ ಸಟ್ಟುಗ ಕೊಟ್ಟೆ.

"ಬ್ಯಾಡ ಕಣವ್ವ. ಇನ್ನೊಂದ್ಸಲ ಮಾನ ಕಳೀತೀನಿ."

"ಓವನ್ನಿಗೆ ಇಟ್ಟೋಳು ನಾನು ಅತ್ತೆ. ನಿಮ್ಮ ಕೈಗೆ ನಮಸ್ಕಾರ ಅಂದೋಳೂ ನಾನೇ. ಬೀಗತಿ ಮುಂದೆ ಮಾತ್ರ ನಿಮ್ಮೊಬ್ರನ್ನೇ ಬುಟ್ಟುಬುಟ್ಟೆ."

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತು ಸೀದದ್ದನ್ನು ಕೆರೆದರು, ಒದ್ದೆ ಬಟ್ಟೆ ಹಿಂಡಿ ಒರೆಸಿದರು. ನಡುವೆ ಒಂದು ದೊಡ್ಡ ಕರಿ ಮಚ್ಚೆ ಉಳಿಯಿತು.

"ಇದು ಯಾವತ್ತಿಂದು?"

"ಅವತ್ತಿಂದೇ ಅತ್ತೆ. ಬೀಗ್ರು ಬಂದಿದ್ರಲ್ಲ."

ಅವರ ಹೆಬ್ಬೆರಳು ಅಭ್ಯಾಸಬಲದಿಂದ ಒಂದು ಸಲ ಅದನ್ನು ಉಜ್ಜಿ, ನಿಂತಿತು.

"ಇರ್ಲಿ ಬುಡು," ಎಂದು ಅತ್ತೆ ಬಟ್ಟೆ ಮಡಿಸಿಟ್ಟರು.