ಎತ್ತರಕ್ಕೆ ಹೋದ ಕಿಟಕಿಗಳು

ಆಫೀಸಿನಲ್ಲಿ ಅವಳಿಗೆ ಸ್ಕೇಲಕ್ಕ ಎಂದೇ ಹೆಸರು. ನಕ್ಷೆಗಳೆಲ್ಲ ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷವಾದರೂ ಕೈಚೀಲದಲ್ಲಿ ಸ್ಕೇಲು ಇಲ್ಲದೆ ಮನೆಯಿಂದ ಹೊರಬಿದ್ದವಳಲ್ಲ. ಅಂಗಡಿಯಲ್ಲಿ ಬ್ರೆಡ್ಡು ಕೊಂಡರೂ ಅಳೆದೇ ತರುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಬೇರೆಯವರು ಯೋಚಿಸಿದ ಮನೆ, ಗೋದಾಮು, ಬಸ್ ನಿಲ್ದಾಣಗಳಿಗೆ ಗೆರೆ ಎಳೆದಳು. ಕಟ್ಟಡ ಎದ್ದ ಮೇಲೆ ಕಲ್ಲಿನ ಫಲಕದಲ್ಲಿ ಆಫೀಸಿನ ಯಜಮಾನರಾದ ಆರ್ಕಿಟೆಕ್ಟರ ಹೆಸರು ಬರುತ್ತಿತ್ತು, ಅವಳಿಗೆ ಒಂದು ಲೋಟ ಟೀ ಸಿಗುತ್ತಿತ್ತು. ಅದಕ್ಕಾಗಿ ಯಾರ ಮುಂದೆಯೂ ಗೊಣಗಿದವಳಲ್ಲ. ಒಳಗೊಳಗೇ ಗೊಣಗಿದ್ದು ಬೇರೆ ಮಾತು.

ಹಾಗಿರುವಾಗ ಯಜಮಾನರು ಒಂದು ದಿನ ಕರೆದು, "ಪ್ರೈಮರಿ ಸ್ಕೂಲಿಗೆ ಹೊಸ ಕಟ್ಟಡ ಬರ್ತಿದೆ, ಅದನ್ನ ಪೂರ್ತಿ ನೀನೇ ಮಾಡಮ್ಮ. ಹೊರಗಡೆಗೆ ಹೊಸ ಥರ ಕ್ಲಾಡಿಂಗ್ ಬೇಕಂತೆ. ನಾನು ಸೈನ್ ಹಾಕ್ತೀನಿ ಅಷ್ಟೆ" ಎಂದರು. ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ಆ ಶಾಲೆಯ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದವಳು ಅವಳ ಸ್ವಂತ ತಂಗಿ. ಸುದ್ದಿ ಕೇಳಿ ಅವತ್ತೇ ಸಂಜೆ ಓಡಿ ಬಂದಳು.

"ಅಕ್ಕಾ, ನಂಗೆ ಒಂದೇ ಒಂದು ಮಾಡ್ಕೊಡು. ಮಕ್ಕಳಿಗೆ ಕೂತಲ್ಲಿಂದ ಆಚೆ ಕಾಣ್ಬೇಕು. ಈಗಿರೋ ಸ್ಕೂಲಲ್ಲಿ ಕಿಟಕಿ ಅಂದ್ರೆ ಬರೀ ಆಕಾಶ. ಬಿಟ್ಟು ಹೋಗೋ ಅಮ್ಮ ಗೇಟು ದಾಟೋದು ಕಂಡ್ರೆ ಸುಮ್ನಾಗ್ತಾವೆ. ಕಾಣ್ದಿದ್ರೆ ಅರ್ಧ ದಿನ ಅಳ್ತಾವೆ."

"ಎರಡಡಿಗೆ ಇಡ್ತೀನಿ ಕಣೇ, ಸಾಕಾ?"

"ನಿಜವಾಗ್ಲೂ?"

"ನಾನು ಬರೆದಿದ್ದು ಯಾವತ್ತು ತಪ್ಪಿದೆ ಹೇಳು?"

ಬರೆದದ್ದೂ ಹೌದು. ಮೊದಲ ನಕ್ಷೆಯಲ್ಲಿ ಕಿಟಕಿಗಳು ನೆಲದಿಂದ ಎರಡಡಿಗೇ ಇದ್ದವು. ಆಮೇಲೆ ಹೊರಗೋಡೆಗೆ ಹೊದಿಸುವ ಕ್ಲಾಡಿಂಗ್ ಹಲಗೆಗಳ ಮಾದರಿ ಬಂತು. ಜೇನಿನ ಬಣ್ಣ, ರೇಷ್ಮೆಯಂಥ ನುಣುಪು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಂಬಿಗಳ ಮೇಲೆ ಕೂರುವಂಥವು. ಅವಳು ಆ ಮಾದರಿಯನ್ನು ಸವರಿದ್ದೇ ಸವರಿದ್ದು. ತೊಡಕು ಒಂದೇ. ಹಲಗೆ ನಾಲ್ಕಡಿ ಎತ್ತರ. ಕಿಟಕಿ ಎರಡಡಿಗೆ ಇಟ್ಟರೆ ಪ್ರತಿ ಕಿಟಕಿಯ ಕೆಳಗೂ ಹಲಗೆ ತುಂಡಾಗುತ್ತದೆ, ಎರಡು ಹಲಗೆ ಸೇರುವ ಗೆರೆ ಅಲ್ಲಲ್ಲಿ ಮುರಿಯುತ್ತದೆ. ಸುಮ್ಮನೆ ನೋಡೋಣ ಎಂದು ಕಿಟಕಿಗಳನ್ನು ನಾಲ್ಕಡಿಗೆ ಏರಿಸಿದಳು. ಗೆರೆ ಇಡೀ ಕಟ್ಟಡದ ಸುತ್ತ ಒಂದೇ ಓಟದಲ್ಲಿ ಓಡಿತು. ಮೂವತ್ತು ವರ್ಷದಲ್ಲಿ ಅಷ್ಟು ಚೆಂದದ್ದನ್ನು ಅವಳು ಬರೆದಿರಲಿಲ್ಲ.

ಎತ್ತರದ ಅಂದಾಜು ಸಿಗಲೆಂದು ನಕ್ಷೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಆ ಕಸುಬಿನ ರೂಢಿ. ಆಫೀಸಿನ ಕಂಪ್ಯೂಟರಿನಲ್ಲಿ ಇದ್ದವನು ಒಬ್ಬನೇ, ಬ್ಯಾಗು ಹಿಡಿದ ಆರಡಿಯ ಆಸಾಮಿ. ಗೋದಾಮಿಗೂ ಅವನೇ, ಬಸ್ ನಿಲ್ದಾಣಕ್ಕೂ ಅವನೇ. ಅವನನ್ನೇ ತಂದು ಒಂದನೇ ತರಗತಿಯ ಕಿಟಕಿಯ ಹಿಂದೆ ನಿಲ್ಲಿಸಿದಳು. ಅವನು ಆರಾಮಾಗಿ ಆಚೆ ನೋಡುತ್ತ ನಿಂತ. ಇಷ್ಟು ದೊಡ್ಡ ಗಂಡಸಿಗೆ ಒಂದನೇ ತರಗತಿಯಲ್ಲಿ ಏನು ಕೆಲಸ ಎಂದು ಅವಳೂ ಕೇಳಲಿಲ್ಲ, ಯಜಮಾನರೂ ಕೇಳಲಿಲ್ಲ, ಒಪ್ಪಿಗೆಯ ಮೊಹರು ಒತ್ತಿದವರೂ ಕೇಳಲಿಲ್ಲ.

ಕೊಟ್ಟ ಮಾತು ಮರೆತೇಹೋಗಿತ್ತು ಎಂದರೆ ಸುಳ್ಳಾಗುತ್ತದೆ. ತಂಗಿಗೆ ಹೇಳಬೇಕು ಎಂದುಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರುವಷ್ಟರಲ್ಲಿ ಗೋಡೆಯೇ ಎದ್ದಿತ್ತು.

ಶಾಲೆ ತೆರೆದ ದಿನ ಬಂದವರೆಲ್ಲ ಹೊರಗೆ ನಿಂತು ಬಾಯ್ತುಂಬ ಹೊಗಳಿದರು, ಫೋಟೋ ಹೊಡೆದುಕೊಂಡರು. ತಂಗಿ ಮಾತ್ರ ಒಳಗೆ ಕಿಟಕಿಯ ಹತ್ತಿರ ನಿಂತಿದ್ದಳು. ಕಿಟಕಿಯ ಕಟ್ಟೆ ಅವಳ ಎದೆಯ ಹತ್ತಿರಕ್ಕಿತ್ತು. ಮಕ್ಕಳ ನೆತ್ತಿ ಅದಕ್ಕಿಂತ ಕೆಳಗೆ.

"ನಿಮ್ಮ ಯಜಮಾನ್ರು ಬದಲಾಯಿಸಿಬಿಟ್ರಾ ಅಕ್ಕಾ?"

ತಪ್ಪೊಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸ್ಕೇಲಕ್ಕ "ಹೂಂ" ಎಂದಳು. ಆ ಒಂದು ಸದ್ದಿಗೆ ಮುಂದೆ ಅವಳು ಪಟ್ಟ ನಾಚಿಕೆ ಅಷ್ಟಿಷ್ಟಲ್ಲ.

ತಂಗಿ ನಂಬಿದಳು. ವಾರಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ ಯಜಮಾನರಿಗೆ ಹಿಡಿಶಾಪ ಹಾಕಿದಳು. "ಅಂಥವರ ಕೈಕೆಳಗೆ ಹೇಗಿರ್ತೀಯೋ, ನಿನ್ನ ತಾಳ್ಮೆ ದೊಡ್ಡದು" ಎಂದಳು. ಅಕ್ಕ ತಲೆ ತಗ್ಗಿಸಿ ತರಕಾರಿ ಹೆಚ್ಚುತ್ತಿದ್ದಳು.

ಮೂರು ತಿಂಗಳಾಗಿತ್ತು. ತಂಗಿ ಬೋರ್ಡಿನ ಕಡೆ ತಿರುಗಿದ್ದಾಗ ಒಂದು ಹುಡುಗಿ ಅಮ್ಮನನ್ನು ನೋಡಲೆಂದು ಬೆಂಚಿನ ಮೇಲೆ ಕುರ್ಚಿ ಇಟ್ಟು ಹತ್ತಿ ಬಿದ್ದಳು. ಗದ್ದಕ್ಕೆ ನಾಲ್ಕು ಹೊಲಿಗೆ. ಟೀಚರಿಗೆ ಮಕ್ಕಳ ಮೇಲೆ ನಿಗಾ ಇಲ್ಲ ಎಂದು ದೂರು ಬಂತು. ತಂಗಿಯನ್ನು ತರಗತಿಯಿಂದ ತೆಗೆದು ಆಫೀಸಿನ ಕೆಲಸಕ್ಕೆ ಹಾಕುವ ಮಾತು ಎದ್ದಿತು. ಮಕ್ಕಳನ್ನು ಬಿಟ್ಟು ಬೇರೇನೂ ಬೇಡದ ಹೆಂಗಸಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ದೂರಿನ ವಿಚಾರಣೆಗೆ ಶಾಲೆಯಲ್ಲಿ ಸೇರಿದ ಸಭೆಗೆ, ನಕ್ಷೆಗೆ ಸಹಿ ಹಾಕಿದವರೆಂದು ಯಜಮಾನರನ್ನೂ ಕರೆದಿದ್ದರು. ಅವರು ಸ್ಕೇಲಕ್ಕನನ್ನು ಜೊತೆಗೆ ಕರೆತಂದರು. ಹೆಡ್ ಮಿಸ್ ಕಿಟಕಿಯ ವಿಷಯ ಎತ್ತಿದಾಗ ಅವರು, "ಎಲ್ಲಾ ನಿಯಮದ ಪ್ರಕಾರಾನೇ ಇದೆ" ಎಂದರು. ಪಾಪ, ಅವರು ಹಾಗೆಂದೇ ತಿಳಿದಿದ್ದರು. ತಂಗಿ ಅವರನ್ನು ಸುಟ್ಟುಬಿಡುವಂತೆ ನೋಡಿದಳು.

ಸ್ಕೇಲಕ್ಕನಿಗೆ ಇನ್ನು ಕೂರಲಾಗಲಿಲ್ಲ. ಎದ್ದು ನಿಂತಳು.

"ನಿಯಮ ಏನಿಲ್ಲ. ಕಿಟಕಿ ಮೇಲಕ್ಕೆ ಏರಿಸಿದ್ದು ನಾನು. ಹೊರಗಡೆ ಹಲಗೆ ತುಂಡಾಗ್ಬಾರ್ದು ಅಂತ. ಇವರಿಗೆ ಗೊತ್ತೇ ಇಲ್ಲ. ಎರಡಡಿಗೆ ಇಡು ಅಂತ ಟೀಚರ್ ನಂಗೆ ಮೊದಲೇ ಹೇಳಿದ್ರು."

ತಂಗಿಯ ಮೇಲಿನ ದೂರು ಅಲ್ಲಿಗೇ ನಿಂತಿತು. ರಜೆಯಲ್ಲಿ ಹಲಗೆಯನ್ನೂ ಗೋಡೆಯನ್ನೂ ಕತ್ತರಿಸಿ ಕಿಟಕಿಗಳನ್ನು ಕೆಳಗೆ ತರುವುದೆಂದು ತೀರ್ಮಾನವಾಯಿತು. ತಂಗಿ ಅಕ್ಕನ ಕಡೆ ನೋಡದೆ ಎದ್ದು ಹೋದಳು. ಆಮೇಲೆ ಮನೆಗೂ ಬರಲಿಲ್ಲ.

ಕತ್ತರಿಸುವ ದಿನ ಸ್ಕೇಲಕ್ಕ ಬೆಳಿಗ್ಗೆಯೇ ಹೋದಳು. ತಂಗಿ ಆಗಲೇ ಅಲ್ಲಿದ್ದಳು. ಅಕ್ಕಪಕ್ಕದ ಮನೆಗಳ ನಾಲ್ಕು ಮಕ್ಕಳನ್ನು ಕಿಟಕಿಯ ಕೆಳಗೆ ಬೆಂಚಿನ ಮೇಲೆ ಕೂರಿಸಿದ್ದಳು.

"ನಾನು ಗುರುತು ಹಾಕ್ಕೊಡ್ತೀನಿ," ಎಂದು ಸ್ಕೇಲಕ್ಕ ಮುಂದೆ ಬಂದಳು.

"ಬೇಡ." ತಂಗಿ ಮೊಣಕಾಲೂರಿ, ಮಕ್ಕಳ ಗದ್ದದ ಮಟ್ಟ ನೋಡಿ, ಸೀಮೆಸುಣ್ಣದಲ್ಲಿ ತಾನೇ ಗೋಡೆಯ ಮೇಲೆ ಎಳೆದಳು. ಗೆರೆ ಸೊಟ್ಟಗಿತ್ತು.

ಮೇಸ್ತ್ರಿ ಸ್ಕೇಲಕ್ಕನ ಮುಖ ನೋಡಿದ. "ಅಳತೆ ಹಿಡಿಯೋದು ಬೇಡ್ವಾ ಅಮ್ಮಾ?"

"ಮಕ್ಕಳನ್ನ ಕೂರಿಸೇ ಹಾಕಿದೀನಿ. ಇಲ್ಲಿಗೇ ಕತ್ತರಿಸಪ್ಪ," ಎಂದಳು ತಂಗಿ. ಸೆರಗಿಗೆ ಕೈ ಒರೆಸಿಕೊಂಡು, ಅಕ್ಕನಿಗಷ್ಟೇ ಕೇಳುವಂತೆ ಹೇಳಿದಳು: "ಕಿಟಕಿ ಹೋಗ್ಲಿ ಅಕ್ಕಾ, ಕತ್ತರಿಸಿದ್ರೆ ಸರಿಹೋಗತ್ತೆ. ಮೂರು ತಿಂಗಳು ಆ ಮನುಷ್ಯನ್ನ ಬಾಯಿಗೆ ಬಂದಂಗೆ ಬೈದೆ. ನೀನು ಎದುರಿಗೇ ಕೂತು ಕೇಳಿಸ್ಕೊಂಡೆ."

ಸ್ಕೇಲಕ್ಕ ಗುರುತು ಹಾಕಲೆಂದು ತೆಗೆದಿದ್ದ ಸ್ಕೇಲನ್ನು ಕೈಚೀಲಕ್ಕೆ ಹಾಕಿಕೊಂಡಳು. ತಂಗಿ ಮಕ್ಕಳ ಕೈ ಹಿಡಿದು ಹೊರಗೆ ನಡೆದಳು, ಮೇಸ್ತ್ರಿ ಯಂತ್ರ ಚಾಲೂ ಮಾಡಿದ.